ಸಹಾಯ ಬೇಕು: ಕೇಂಬ್ರಿಡ್ಜ್‌ನಲ್ಲಿ ಎರಡು ದಿನ, ಚಾಪೆಲ್‌ಗೆ (ಕಾಲೇಜಿನ ಚರ್ಚ್‌ಗೆ) ಯಾವಾಗ ಹೋಗಬೇಕು?

ಮೇ ತಿಂಗಳಲ್ಲಿ ಒಂದು ಶನಿವಾರ, ಭಾನುವಾರ ಅಮ್ಮನ ಜೊತೆ ಕೇಂಬ್ರಿಡ್ಜ್‌ಗೆ ಹೋಗುತ್ತಿದ್ದೇನೆ. ಅಮ್ಮನಿಗೆ ಮಂಡಿ ನೋವು, ಓಡಾಟ ಜಾಸ್ತಿ ಬೇಡ, ಸುಮ್ನೆ ನಿಧಾನವಾಗಿ ನೋಡಬೇಕು. ಕ್ಯಾಮ್ ನದಿಯಲ್ಲಿ ದೋಣಿ, ಟಿಕೆಟ್ ಇಲ್ಲದ ಫಿಟ್ಜ್‌ವಿಲಿಯಂ ಮ್ಯೂಸಿಯಂ, ಇಷ್ಟು ಪಕ್ಕಾ ಆಗಿದೆ. ಕಾಲೇಜುಗಳದ್ದೇ ಗೊಂದಲ. ಪರೀಕ್ಷೆ ಸಮಯ ಅಂತ ಹಲವು ಕಡೆ ಹೊರಗಿನವರನ್ನು ಬಿಡುವುದಿಲ್ಲವಂತೆ.

ಅಮ್ಮನಿಗೆ ಬೇಕಿರುವುದು 1446ರಲ್ಲಿ ಕಟ್ಟಲು ಶುರುವಾದ ಕಿಂಗ್ಸ್ ಕಾಲೇಜಿನ ಚಾಪೆಲ್. ಬೀಸಣಿಗೆ ಬಿಡಿಸಿದ ಹಾಗಿರುವ ಅದರ ಕಲ್ಲಿನ ಚಾವಣಿಯ ಫೋಟೋ ನೋಡಿದಾಗಿನಿಂದ ಅದೇ ಮಾತು. ಹಗಲು ಹೋದರೆ ಟಿಕೆಟ್ ಇದೆ. ಸಂಜೆ ಹಾಡಿನ ಪ್ರಾರ್ಥನೆಗೆ ದುಡ್ಡಿಲ್ಲ, ಆದರೆ ಆಗ ಕೂತೇ ಇರಬೇಕು ಅಲ್ವಾ? ವೆಬ್‌ಸೈಟ್ ಎರಡು ಸಲ ಓದಿದೆ, ತೀರ್ಮಾನ ಆಗುತ್ತಿಲ್ಲ.

ಹೋಗಿ ಬಂದವರು ದಯವಿಟ್ಟು ಹೇಳಿ: ಕೂತಲ್ಲಿಂದಲೇ ಚಾವಣಿ ಚೆನ್ನಾಗಿ ಕಾಣುತ್ತದಾ? ಒಂದೇ ಸಲ ಹೋಗುವುದಾದರೆ ಹಗಲೋ, ಸಂಜೆಯೋ?