ಸಹಾಯ ಬೇಕು: ಸಂಬಳ ಹೆಚ್ಚಾದರೆ ಇಎಸ್‌ಐ ಹೋಗುತ್ತಾ?

ದಾವಣಗೆರೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಅಕೌಂಟ್ಸ್ ಕ್ಲರ್ಕ್ ಆಗಿದ್ದೇನೆ. ಟ್ಯಾಲಿ ಎಂಟ್ರಿ, ಜಿಎಸ್‌ಟಿ ಬಿಲ್ಲು, ಬ್ಯಾಂಕ್ ಓಡಾಟ ಎಲ್ಲಾ ನನ್ನದೇ. ಸಂಬಳ 20,500. ಪಿಎಫ್ 1,800, ಇಎಸ್‌ಐ (ನೌಕರರ ಆರೋಗ್ಯ ವಿಮೆ) 154 ಕಳೆದು ಕೈಗೆ 18,546. ಬಾಡಿಗೆ, ರೇಷನ್, ಮಗಳ ಫೀಸು ಅಂತ ಇಪ್ಪತ್ತನೇ ತಾರೀಖಿಗೆಲ್ಲ ಖಾಲಿ, ಆದರೂ ಅಮ್ಮನ ಶುಗರ್ ಮಾತ್ರೆ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಸಿಗುವುದರಿಂದ ಹೇಗೋ ನಡೆಯುತ್ತಿದೆ.

ಏಪ್ರಿಲ್‌ನಿಂದ 22,000 ಕೊಡುತ್ತಾರಂತೆ. ಆದರೆ ಇಎಸ್‌ಐಗೆ ಸಂಬಳದ ಮಿತಿ 21,000 ಅಲ್ವಾ? ಇಎಸ್‌ಐ ಕಡಿತ ನಿಂತರೂ ಕೈಗೆ ಜಾಸ್ತಿ ಸಿಗುವುದು 1,654, ಹೊರಗೆ ಮಾತ್ರೆಗೇ 2,000 ದಾಟುತ್ತದೆ. ಇದೆಂಥ ಬಡ್ತಿ!

ಆಡಿಟರ್ ಹತ್ತಿರ ಕೇಳಿದೆ. ಇಎಸ್‌ಐ ಕಟ್ಟುವ ಏಪ್ರಿಲ್–ಸೆಪ್ಟೆಂಬರ್ ಅವಧಿಯ ಮಧ್ಯೆ ಮಿತಿ ದಾಟಿದರೆ ಅವಧಿ ಮುಗಿಯುವವರೆಗೆ ಇಎಸ್‌ಐ ಇರುತ್ತದೆ ಅಂದರು. ಹಾಗಾದರೆ ಏಪ್ರಿಲ್ ಬಿಟ್ಟು ಮೇ ತಿಂಗಳಿಂದ ಹೆಚ್ಚಿಸಿ ಅಂತ ಕೇಳಲಾ? ಹಾಗೆ ಮಾಡಿದರೆ ಅಮ್ಮನಿಗೆ ಔಷಧಿ ಸರಿಯಾಗಿ ಯಾವ ತಿಂಗಳವರೆಗೆ ಸಿಗುತ್ತದೆ? ಗೊತ್ತಿದ್ದವರು ಹೇಳಿ.