ಫಿಶ್ ರೂಮ್ ಗೋಡೆ ಬೆವರುತ್ತಿದೆ, ಚಿಲ್ಲರ್ ನಿಲ್ಲುತ್ತಲೇ ಇಲ್ಲ, ಪಿಎಚ್ 7.8 ದಾಟುತ್ತಿಲ್ಲ

ಉಪ್ಪುನೀರು_ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಮೂರು ತೊಂದರೆ ಒಟ್ಟಿಗೆ ಬಂದಿವೆ. ಯಾವುದರಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ.

ಸ್ವಂತ ಮನೆ, ನೆಲಮಹಡಿ. ಹಾಲ್ ಗೋಡೆಯಲ್ಲಿ ಕಂಡಿ ತೆಗೆಸಿ 6 × 2.5 × 2 ಅಡಿಯ ರೀಫ್ ಟ್ಯಾಂಕ್ (ಹವಳ, ಮೀನು ಸಾಕುವ ಉಪ್ಪುನೀರಿನ ತೊಟ್ಟಿ) ಕೂರಿಸಿದ್ದೇವೆ, ಸುಮಾರು 850 ಲೀಟರ್. ಅದರ ಹಿಂದಿದ್ದ ಸ್ಟೋರ್ ರೂಮೇ ಈಗ ಫಿಶ್ ರೂಮ್. 8 × 6 ಅಡಿ, ಎತ್ತರ 10 ಅಡಿ. ಒಳಗೆ ಸಂಪ್ (ಟ್ಯಾಂಕ್ ನೀರು ಇಳಿದು ಶುದ್ಧವಾಗಿ ವಾಪಸ್ ಹೋಗುವ ಸಣ್ಣ ತೊಟ್ಟಿ), ಸ್ಕಿಮ್ಮರ್ (ಗಾಳಿ ಗುಳ್ಳೆಯಿಂದ ಕೊಳೆಯನ್ನು ನೊರೆಯಾಗಿ ತೆಗೆಯುವ ಯಂತ್ರ), ನೀರು ತಂಪು ಮಾಡುವ 1 ಎಚ್‌ಪಿ ಚಿಲ್ಲರ್, ಆರ್‌ಒ-ಡಿಐ ಯೂನಿಟ್ (ಮೊದಲು ಆರ್‌ಒ ಮೆಂಬ್ರೇನ್, ಆಮೇಲೆ ಡಿಐ ರೆಸಿನ್ ಮೂಲಕ ನೀರನ್ನು ಶುದ್ಧ ಮಾಡುವುದು), 200 ಲೀಟರಿನ ಎರಡು ನೀಲಿ ಡ್ರಮ್. ಕಿಟಕಿ ಇಲ್ಲ. ಮೇಲೆ ಜಿಪ್ಸಮ್ ಫಾಲ್ಸ್ ಸೀಲಿಂಗ್. ಹೊರಗೋಡೆಗೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಇದೆ, ದಿನವಿಡೀ ಓಡುತ್ತದೆ.

ಚಿಲ್ಲರ್ 25.5 ಡಿಗ್ರಿಗೆ ಸೆಟ್ ಆಗಿದೆ. ಬಿಡುವಿಲ್ಲದೆ ಓಡಿದರೂ ಮಧ್ಯಾಹ್ನ ನೀರು 28 ಮುಟ್ಟುತ್ತದೆ. ಗೋಡೆ ಮುಟ್ಟಿದರೆ ಒದ್ದೆ, ಸೀಲಿಂಗ್ ಮೂಲೆಯಲ್ಲಿ ಕಪ್ಪು ಬೂಷ್ಟು. ತೇವಾಂಶ 85% ತೋರಿಸುತ್ತಿದೆ. ಪಿಎಚ್ ರಾತ್ರಿ 7.7, ಹಗಲು ಹೆಚ್ಚೆಂದರೆ 7.8. ಅಂಗಡಿಯವರು ಬಫರ್ (ಪಿಎಚ್ ಏರಿಸಲು ಹಾಕುವ ಪುಡಿ) ಹಾಕಿ ಅಂದರು. ಹಾಕಿದರೆ ಸ್ವಲ್ಪ ಏರಿ ಮತ್ತೆ ಅಲ್ಲಿಗೇ ಬರುತ್ತದೆ. ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಅಳೆಯುವುದು ಡಿಕೆಎಚ್‌ನಲ್ಲಿ) ಮಾತ್ರ 8ರಿಂದ 10.5 ಡಿಕೆಎಚ್‌ಗೆ ಏರಿದೆ. ದೊಡ್ಡ ಚಿಲ್ಲರ್ ತೆಗೆದುಕೊಳ್ಳಬೇಕಾ? ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಬೇಕಾ?

ಸಂಪ್_ಮೇಸ್ತ್ರಿ:

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ ಮೇಡಂ. ಮೊದಲು ಬಫರ್ ನಿಲ್ಲಿಸಿ. ಆಮೇಲೆ ಎರಡು ಕೆಲಸ ಮಾಡಿ ನೋಡಿ.

ಒಂದು, ಫಿಶ್ ರೂಮ್ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಓಡುತ್ತಿರುವಾಗ ಬಾಗಿಲ ಕೆಳಗಿನ ಸಂದಿಗೆ ಒಂದು ಟಿಶ್ಯೂ ಪೇಪರ್ ಹಿಡಿಯಿರಿ. ಜೋರಾಗಿ ಒಳಗೆ ಎಳೆಯುತ್ತದಾ, ಸುಮ್ನೆ ನೇತಾಡುತ್ತದಾ?

ಎರಡು, ಒಂದು ಮಗ್ ಟ್ಯಾಂಕ್ ನೀರು ತೆಗೆದುಕೊಂಡು ಫಿಶ್ ರೂಮಿನಲ್ಲೇ ಏರ್ ಪಂಪ್‌ನಿಂದ ಒಂದು ಗಂಟೆ ಗುಳ್ಳೆ ಬಿಡಿ, ಪಿಎಚ್ ಅಳೆಯಿರಿ. ಇನ್ನೊಂದು ಮಗ್ ನೀರಿಗೆ ಟೆರೇಸ್ ಮೇಲೆ ಹಾಗೇ ಮಾಡಿ. ಎರಡೂ ಅಂಕಿ ಇಲ್ಲಿ ಹಾಕಿ.

ಉಪ್ಪುನೀರು_ಬೆಂಗಳೂರು:

ಮಾಡಿದೆ ಸರ್. ಟಿಶ್ಯೂ ಅಲುಗಾಡಲೇ ಇಲ್ಲ. ಎಸಿ ತಂಪು ಹೊರಗೆ ಹೋಗಬಾರದು ಅಂತ ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹಾಕಿಸಿದ್ದೇವೆ, ಅದಕ್ಕಿರಬಹುದು. ಪಿಎಚ್: ರೂಮಿನಲ್ಲಿ ಗುಳ್ಳೆ ಬಿಟ್ಟ ನೀರು 7.81, ಟೆರೇಸ್ ಮೇಲಿನದು 8.18.

ಸಂಪ್_ಮೇಸ್ತ್ರಿ:

ಹಾಗಾದರೆ ವಿಷಯ ಸ್ಪಷ್ಟ. ನಿಮಗಿರುವುದು ಮೂರು ತೊಂದರೆ ಅಲ್ಲ, ಒಂದೇ. ಆ ರೂಮಿಗೆ ಗಾಳಿ ಒಳಗೆ ಬರಲು ದಾರಿಯೇ ಇಲ್ಲ.

ಪಿಎಚ್ ವಿಷಯ ಮೊದಲು. ಅದೇ ನೀರು ಹೊರಗಿನ ಗಾಳಿಯಲ್ಲಿ 8.18ಕ್ಕೆ ಏರಿತು ಅಂದರೆ ನೀರಿನಲ್ಲಿ ಏನೂ ಕೊರತೆ ಇಲ್ಲ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ ಇರುತ್ತದೆ. ಕಿಟಕಿ ಮುಚ್ಚಿ ಎಸಿ ಹಾಕಿದ ಮನೆಯಲ್ಲಿ ಅದು 1000 ದಾಟುವುದು ಮಾಮೂಲು. ಜನರ ಉಸಿರು, ಗ್ಯಾಸ್ ಒಲೆ, ದೇವರ ದೀಪ, ಎಲ್ಲ ಸೇರಿ. ಸ್ಕಿಮ್ಮರ್ ಆ ಗಾಳಿಯನ್ನೇ ಹೀರಿ ನೀರಿಗೆ ಅರೆಯುತ್ತದೆ. ಆಲ್ಕಲಿನಿಟಿ ಅಷ್ಟೇ ಇದ್ದು ಕಾರ್ಬನ್ ಡೈಆಕ್ಸೈಡ್ ಇಮ್ಮಡಿಯಾದರೆ ಪಿಎಚ್ ಸುಮಾರು 0.3 ಇಳಿಯುತ್ತದೆ. ಬಫರ್ ಹಾಕಿದಷ್ಟೂ ಆಲ್ಕಲಿನಿಟಿ ಏರುತ್ತದೆ, ಪಿಎಚ್ ಮತ್ತೆ ಕೆಳಗೆ ಬರುತ್ತದೆ. ನೀವು ನೋಡಿದ್ದೂ ಅದನ್ನೇ.

ಇನ್ನು ಚಿಲ್ಲರ್. ಅದು ನೀರಿನ ಬಿಸಿಯನ್ನು ತೆಗೆದು ರೂಮಿಗೆ ಬಿಡುತ್ತದೆ. ತಾನು ತಿಂದ ಕರೆಂಟಿನ ಬಿಸಿಯನ್ನೂ ಅದಕ್ಕೆ ಸೇರಿಸುತ್ತದೆ. ರೂಮು ಮುಚ್ಚಿದ್ದರೆ ಆ ಬಿಸಿ ಸಂಪ್, ಡ್ರಮ್, ಪೈಪುಗಳ ಮೂಲಕ ಮತ್ತೆ ನೀರಿಗೇ ವಾಪಸ್. ಫ್ರಿಜ್ ಬಾಗಿಲು ತೆರೆದಿಟ್ಟು ಅಡುಗೆಮನೆ ತಂಪು ಮಾಡಲು ಹೊರಟ ಹಾಗೆ. ಇಂಥಲ್ಲಿ ಇನ್ನೂ ದೊಡ್ಡ ಚಿಲ್ಲರ್ ತಂದರೆ ರೂಮು ಇನ್ನೂ ಬಿಸಿಯಾಗುತ್ತದೆ, ಅಷ್ಟೇ.

ಗೋಡೆ ಬೆವರುವುದಕ್ಕೂ ಇದೇ ಕಾರಣ. ದಿನಕ್ಕೆ ಎಷ್ಟು ಸಿಹಿನೀರು ತುಂಬಿಸುತ್ತೀರಿ?

ಉಪ್ಪುನೀರು_ಬೆಂಗಳೂರು:

ಆವಿಯಾದಷ್ಟು ಸಿಹಿನೀರನ್ನು ತಾನೇ ತುಂಬಿಸುವ ಆಟೋ ಟಾಪ್-ಅಪ್ ದಿನಕ್ಕೆ 12 ಲೀಟರ್ ಹತ್ತಿರ ಎಳೆಯುತ್ತದೆ. ಸಂಪ್ ಮೇಲೆ ಎರಡು ಸಣ್ಣ ಫ್ಯಾನ್ ಇವೆ.

ಸಂಪ್_ಮೇಸ್ತ್ರಿ:

ಅಂದರೆ ದಿನಾ 12 ಲೀಟರ್ ನೀರು ಗಾಳಿಗೆ ಸೇರುತ್ತಿದೆ, ಅದರಲ್ಲಿ ಹೆಚ್ಚಿನದು ಈ ಸಣ್ಣ ರೂಮಿನ ಗಾಳಿಗೆ. ಹೊರಗೆ ಹೋಗಲು ದಾರಿ ಇಲ್ಲ. ಮತ್ತೆಲ್ಲಿ ಹೋಗಬೇಕು? ಜಿಪ್ಸಮ್ ಕುಡಿಯುತ್ತದೆ.

ಆದರೆ ಈ ಆವಿಯನ್ನು ಶತ್ರು ಅಂದುಕೊಳ್ಳಬೇಡಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್‌ನಷ್ಟು ಶಾಖ ಹೊತ್ತೊಯ್ಯುತ್ತದೆ. 12 ಲೀಟರ್ ಅಂದರೆ ದಿನಕ್ಕೆ 8 ಯೂನಿಟ್. ಎರಡು ಪುಟ್ಟ ಫ್ಯಾನ್ ಖರ್ಚಿನಲ್ಲಿ ಅಷ್ಟು ತಂಪು ಪುಕ್ಕಟೆ ಸಿಕ್ಕಂತೆ. ಬೆಂಗಳೂರಿನ ಒಣ ಬೇಸಿಗೆಯಲ್ಲಿ ಇದನ್ನು ಬಿಟ್ಟುಕೊಡುವುದು ದಡ್ಡತನ. ಡಿಹ್ಯುಮಿಡಿಫೈಯರ್ ಇಟ್ಟರೆ ಆ ಆವಿಯನ್ನು ಮತ್ತೆ ನೀರು ಮಾಡಿ, ಹೊತ್ತೊಯ್ದ ಶಾಖವನ್ನೆಲ್ಲ ರೂಮಿಗೇ ವಾಪಸ್ ಬಿಡುತ್ತದೆ. ಆವಿಯನ್ನು ಹೊರಗೆ ತಳ್ಳುವುದೇ ಸರಿ.

ನಿಮ್ಮ ರೂಮು 480 ಘನ ಅಡಿ. ಗಂಟೆಗೆ ಹತ್ತು ಸಲ ಗಾಳಿ ಬದಲಾಗಬೇಕು ಅಂದರೆ ನಿಮಿಷಕ್ಕೆ 80 ಘನ ಅಡಿ. ಈಗಿರುವ 6 ಇಂಚಿನ ಫ್ಯಾನೇ ಸಾಕು, ಆದರೆ ಅಷ್ಟೇ ಗಾಳಿ ಒಳಗೂ ಬರಬೇಕಲ್ವಾ. ಫ್ಯಾನಿನ ಎದುರು ಗೋಡೆಯಲ್ಲಿ, ನೆಲದ ಹತ್ತಿರ, ಹೊರಗಿನಿಂದ ಒಂದು ಕಂಡಿ ತೆಗೆಸಿ. 8 × 8 ಇಂಚಾದರೂ ಇರಲಿ. ಜಾಲರಿ ಹಾಕಿಸಿ. ಫ್ಯಾನ್ ಪಕ್ಕದಲ್ಲೇ ತೆಗೆಸಿದರೆ ಬಂದ ಗಾಳಿ ಅಲ್ಲಿಂದಲೇ ಹೊರಟು ಹೋಗುತ್ತದೆ, ರೂಮು ಸುತ್ತುವುದಿಲ್ಲ. ಹಾಲ್ ಕಡೆಯ ರಬ್ಬರ್ ಪಟ್ಟಿ ಹಾಗೇ ಇರಲಿ, ಅದು ಒಳ್ಳೆಯದೇ.

ಚಿಲ್ಲರನ್ನು ಹೊರಗೆ ಯುಟಿಲಿಟಿ ಕಡೆ ನೆರಳಿಗೆ ಸಾಗಿಸಿ. ಪೈಪಿಗೆ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಸುತ್ತಿ. ಸ್ಕಿಮ್ಮರ್ ಗಾಳಿ ಪೈಪನ್ನೂ ಹೊರಗಿನಿಂದ ತನ್ನಿ. ದೂರ ಜಾಸ್ತಿ ಆದಷ್ಟೂ ಪೈಪ್ ದಪ್ಪ ಇರಲಿ. ಸ್ಕಿಮ್ಮರ್ ಜೊತೆ ಬರುವ ತೆಳ್ಳಗಿನ ಟ್ಯೂಬನ್ನೇ ಹತ್ತಡಿ ಎಳೆದರೆ ಸ್ಕಿಮ್ಮರ್ ಉಸಿರು ಕಟ್ಟುತ್ತದೆ, ನೊರೆಯೇ ಬರುವುದಿಲ್ಲ.

ರೀಫ್_ರಂಗ_ಮೈಸೂರು:

ಒಂದು ಮಾತು ಸೇರಿಸುತ್ತೇನೆ. ಆ ಗಾಳಿ ಪೈಪಿನ ತುದಿ ರಸ್ತೆ ಕಡೆ ಬೇಡ, ಆದಷ್ಟು ಎತ್ತರದಲ್ಲಿ ಹಿತ್ತಲ ಕಡೆ ಇರಲಿ. ಸೊಳ್ಳೆಗೆ ಫಾಗಿಂಗ್ ಮಾಡುತ್ತಾರಲ್ಲ, ಆ ಹೊಗೆಯಲ್ಲಿರುವುದು ಕೀಟನಾಶಕ. ಸೀಗಡಿ, ಏಡಿ ಎಲ್ಲ ಕೀಟಗಳ ದೂರದ ನೆಂಟರೇ, ಮೊದಲು ಅವು ಸಾಯುತ್ತವೆ. ಫಾಗಿಂಗ್ ಗಾಡಿ ಸದ್ದು ಕೇಳಿದರೆ ಸ್ಕಿಮ್ಮರ್, ಎಕ್ಸಾಸ್ಟ್ ಎರಡೂ ಆಫ್ ಮಾಡಿ, ಕಂಡಿ ಮುಚ್ಚಿ. ಫಿಶ್ ರೂಮ್ ಹತ್ತಿರ ಸೊಳ್ಳೆ ಬತ್ತಿ, ಲಿಕ್ವಿಡ್ ಮಷಿನ್ ಕೂಡ ಬೇಡ.

ಕಡಲತಡಿ_ಮಂಗಳೂರು:

ಮೇಸ್ತ್ರಿಗಳು ಹೇಳಿದ್ದು ಬೆಂಗಳೂರಿಗೆ ಸರಿ ಮಾರಾಯ್ರೆ. ನಮ್ಮ ಕರಾವಳಿಯವರು ಇದನ್ನು ಓದಿ ಹಾಗೇ ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೊರಗಿನ ಗಾಳಿಯೇ ಒದ್ದೆ. ಅದನ್ನು ಒಳಗೆ ತಂದರೆ ಗೋಡೆ ಒಣಗುವುದಿಲ್ಲ, ಫ್ಯಾನಿಗೆ ನೀರೂ ತಣಿಯುವುದಿಲ್ಲ. ನಾನು ಫಿಶ್ ರೂಮಿಗೆ ಇನ್ವರ್ಟರ್ ಎಸಿ ಹಾಕಿ, ಸ್ಕಿಮ್ಮರ್ ಪೈಪ್ ಮಾತ್ರ ಹೊರಗೆ ಬಿಟ್ಟಿದ್ದೇನೆ. ಎಸಿ ತೇವವನ್ನೂ ಹಿಂಡುತ್ತದೆ, ಬಿಸಿಯನ್ನು ಹೊರಗಿನ ಯೂನಿಟ್ ಬಿಡುತ್ತದೆ. ಚಿಲ್ಲರ್ ಕೆಲಸ ಅರ್ಧಕ್ಕೆ ಇಳಿಯಿತು. ಒಳಗಿನ ಯೂನಿಟ್ ಕಾಯಿಲ್‌ಗೆ ಉಪ್ಪು ಹಿಡಿಯುತ್ತದೆ, ಆಗಾಗ ತೊಳೆಸಬೇಕು.

ಜರ್ಸಿ_ಕನ್ನಡಿಗ:

ಇಲ್ಲಿ ನ್ಯೂ ಜರ್ಸಿಯಲ್ಲಿ ಬೇಸ್‌ಮೆಂಟ್‌ನಲ್ಲಿ ಇಟ್ಟಿದ್ದೇವೆ. ಚಳಿಗಾಲದಲ್ಲಿ ಹೊರಗಿನ ಗಾಳಿ ನೇರ ತಂದರೆ ಹೀಟಿಂಗ್ ಬಿಲ್ ನೋಡಿ ಅಳಬೇಕು. ಅದಕ್ಕೆ ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ ಹಾಕಿಸಿದ್ದೇವೆ. ನಿಮಗೆ ಬೇಕಿಲ್ಲ. ಊರಿನ ಹವೆಗೆ ಗೋಡೆಯಲ್ಲೊಂದು ಕಂಡಿ ಸಾಕು, ಪುಣ್ಯವಂತರು!

ಹೊಸಬ_ಹುಬ್ಬಳ್ಳಿ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸ್ರಿ. ನಂದು ಮೊದಲ ಮಹಡಿ. ಇಷ್ಟೇ ದೊಡ್ಡ ಟ್ಯಾಂಕ್ ಇಡಬಹುದಾ? ಮತ್ತೆ ಪಿಎಚ್‌ಗೆ ಎಲೆ-ಅಡಿಕೆ ಸುಣ್ಣ ಹಾಕಬಹುದು ಅಂತ ಯಾರೋ ಹೇಳಿದರು. ಕಲ್ಲು ದುಬಾರಿ, ಮುರ್ಡೇಶ್ವರಕ್ಕೆ ಹೋದಾಗ ನೇತ್ರಾಣಿ ದ್ವೀಪದ ಕಡೆಯಿಂದ ಲೈವ್ ರಾಕ್ (ಜೀವಿಗಳು ಅಂಟಿಕೊಂಡಿರುವ ಹವಳದ ಕಲ್ಲು) ತರಬಹುದಾ?

ಸಂಪ್_ಮೇಸ್ತ್ರಿ:

ಕಲ್ಲು: ಬೇಡವೇ ಬೇಡ. ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಸತ್ತ ಹವಳದ ತುಂಡು ತಂದರೂ ಕೇಸ್. ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು) ಕೊಂಡು ಬ್ಯಾಕ್ಟೀರಿಯಾ ಹಾಕಿ ಸೈಕಲ್ ಮಾಡಿ, ಅಂದರೆ ಆ ಬ್ಯಾಕ್ಟೀರಿಯಾ ಬೆಳೆದು ನೆಲೆಯೂರುವವರೆಗೆ ಕಾಯಿರಿ, ತಡವಾದರೂ ನೆಮ್ಮದಿ. ಹವಳ ಕೊಳ್ಳುವಾಗಲೂ ಎಲ್ಲಿಂದ ಬಂತು, ಕಾಗದ ಇದೆಯಾ ಕೇಳಿ.

ಸುಣ್ಣ: ರಾಸಾಯನಿಕವಾಗಿ ಅದು ನಾವು ಟ್ಯಾಂಕಿಗೆ ಬಳಸುವ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ. ಆದರೆ ಅದರಲ್ಲಿ ಇನ್ನೇನು ಬೆರೆತಿದೆ ಯಾರಿಗೆ ಗೊತ್ತು. ಶುದ್ಧ ಪುಡಿ ತೆಗೆದುಕೊಳ್ಳಿ, ಲೀಟರ್ ಟಾಪ್-ಅಪ್ ನೀರಿಗೆ ಒಂದೂವರೆ ಗ್ರಾಂ ಮೀರಬೇಡಿ, ಹನಿಹನಿಯಾಗಿ ಬಿಡಿ. ಆ ನೀರಿನ ಪಿಎಚ್ 12 ದಾಟಿರುತ್ತದೆ. ಟಾಪ್-ಅಪ್ ಸ್ವಿಚ್ ಸಿಕ್ಕಿಹಾಕಿಕೊಂಡು ಒಮ್ಮೆಗೇ ಸುರಿದರೆ ಟ್ಯಾಂಕ್ ಮುಗಿಯಿತು.

ಮಹಡಿ: ಮನೆಯ ಕೋಣೆಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಭಾರದ ಲೆಕ್ಕದಲ್ಲಿ ಕಟ್ಟುತ್ತಾರೆ. ಈ ಅಳತೆಯ ಟ್ಯಾಂಕ್, ನೀರು, ಕಲ್ಲು, ಸ್ಟ್ಯಾಂಡ್, ಸಂಪ್ ಸೇರಿ ಒಂದು ಟನ್ ಮೀರುತ್ತದೆ. ಕೂರುವ ಜಾಗ ಒಂದೂವರೆ ಚದರ ಮೀಟರೂ ಇಲ್ಲ. ಬೀಮ್ ಎಲ್ಲಿದೆ ಅಂತ ನೋಡಿ ಸ್ಟ್ರಕ್ಚರಲ್ ಎಂಜಿನಿಯರ್ ಹೂಂ ಅನ್ನುವವರೆಗೆ ಇಡಬೇಡಿ. ನಮ್ಮ ಮಾತು ಕೇಳಿ ಅಂತೂ ಬೇಡ. ಉಳಿದ ಪ್ರಶ್ನೆಗಳಿಗೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಮೇಡಂ ಸಮಸ್ಯೆ ಮುಗಿಯಲಿ.

ಉಪ್ಪುನೀರು_ಬೆಂಗಳೂರು:

ಅಪ್‌ಡೇಟ್. ಗಾರೆಯವರು ಬಂದು ಕಂಡಿ ತೆಗೆದರು. ಜಿಪ್ಸಮ್ ಸೀಲಿಂಗ್ ಕಿತ್ತೇ ಹಾಕಿದೆವು, ಒಳಗೆ ಪೂರ್ತಿ ಬೂಷ್ಟು. ಚಿಲ್ಲರ್ ಯುಟಿಲಿಟಿಗೆ ಹೋಯಿತು. ತೇವಾಂಶ ಈಗ 60-65%. ರೂಮು 33ರಿಂದ 29 ಡಿಗ್ರಿಗೆ ಇಳಿದಿದೆ. ಪಿಎಚ್ ರಾತ್ರಿ 8.0, ಸಂಜೆ 8.2. ನಂಬಲಿಕ್ಕೇ ಆಗುತ್ತಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಚಿಲ್ಲರ್ ಈಗ ಒಮ್ಮೊಮ್ಮೆ ಫ್ಲೋ ಎರರ್ ತೋರಿಸಿ ನಿಲ್ಲುತ್ತದೆ. ಟಾಪ್-ಅಪ್ ನೀರು 15 ಲೀಟರಿಗೆ ಏರಿದೆ, ಡಿಐ ರೆಸಿನ್ ಬೇಗ ಮುಗಿಯುತ್ತಿದೆ. ನಮ್ಮದು ಬೋರ್‌ವೆಲ್ ನೀರು. ಅಡುಗೆಮನೆ ಆರ್‌ಒ ನೀರನ್ನೇ ಬಳಸಲಾ?

ಗೋಡೆಗೆ ಏನು ಬಳಿಸಲಿ ಅಂತಲೂ ಹೇಳಿ. ಫೋಟೊ ಹಾಕಿದ್ದೇನೆ.

ಸಂಪ್_ಮೇಸ್ತ್ರಿ:

ಫ್ಲೋ ಎರರ್ ಬರುವುದು ಪೈಪ್ ಉದ್ದವಾಗಿ ನೀರಿನ ವೇಗ ಕಡಿಮೆ ಆದದ್ದಕ್ಕೆ. ಸಂಪ್ ನೀರನ್ನು ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಪಂಪಿನಿಂದ ಕವಲು ತೆಗೆದಿದ್ದರೆ ಅದನ್ನು ಬಿಟ್ಟು ಚಿಲ್ಲರ್‌ಗೆ ಬೇರೆ ಪಂಪ್ ಕೊಡಿ. ಅದರ ಮೇಲೆ ಬರೆದಿರುವ ಕನಿಷ್ಠ ಫ್ಲೋ ಸಿಗಲೇಬೇಕು. ಮೊಣಕೈ ಜಾಯಿಂಟ್ ಆದಷ್ಟು ಕಡಿಮೆ ಮಾಡಿ, ಪೈಪ್ ಒಂದು ಸೈಜ್ ದೊಡ್ಡದು ಹಾಕಿ.

ಟಾಪ್-ಅಪ್ ಏರಿದ್ದು ಸರಿಯೇ ಇದೆ, ಗಾಳಿ ಓಡಾಡಿದರೆ ಆವಿ ಜಾಸ್ತಿ. ಅಡುಗೆಮನೆ ಆರ್‌ಒ ಬೇಡ. ಅಂಥ ಬಹಳಷ್ಟು ಮಷಿನ್‌ಗಳು ರುಚಿಗೆ ಅಂತ ಹಸಿ ನೀರನ್ನೇ ಸ್ವಲ್ಪ ಬೆರೆಸುತ್ತವೆ. ನಮಗೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಸೊನ್ನೆ ಬೇಕು. ಬೋರ್‌ವೆಲ್ ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ತುಂಬಾ ಇರಬಹುದು. ಆರ್‌ಒ ಮೆಂಬ್ರೇನ್ ಅದನ್ನು ತಡೆಯುವುದಿಲ್ಲ, ನೇರ ಹೋಗಿ ರೆಸಿನ್ ತಿನ್ನುತ್ತದೆ. ಆರ್‌ಒ ನೀರನ್ನು ಮೊದಲು ಒಂದು ಡ್ರಮ್‌ನಲ್ಲಿ ಹಿಡಿದು, ರಾತ್ರಿಯಿಡೀ ಏರ್ ಸ್ಟೋನ್ ಹಾಕಿ ಗುಳ್ಳೆ ಬಿಟ್ಟು, ಆಮೇಲೆ ಸಣ್ಣ ಪಂಪಿನಿಂದ ಡಿಐಗೆ ಕಳಿಸಿ. ರೆಸಿನ್ ಎಷ್ಟೋ ಹೆಚ್ಚು ಬಾಳುತ್ತದೆ.

ಗೋಡೆಗೆ ಪೇಂಟ್ ಬೇಡ, ಬಚ್ಚಲುಮನೆಯಂತೆ ಮೇಲಿನವರೆಗೂ ಟೈಲ್ಸ್ ಹಾಕಿಸಿ. ನೆಲಕ್ಕೆ ಇಳಿಜಾರು ಕೊಟ್ಟು ನಹಾನಿ ಟ್ರ್ಯಾಪ್ ಇಡಿಸಿ. ಟೈಲ್ಸ್ ಕೆಲಸ ನಡೆಯುವಾಗ ಸಂಪ್ ಮೇಲೆ ಪ್ಲಾಸ್ಟಿಕ್ ಹೊದಿಸಿ.

ರೀಫ್_ರಂಗ_ಮೈಸೂರು:

ಫೋಟೊ ನೋಡಿದೆ. ಟೈಲ್ಸ್‌ಗಿಂತ ಮೊದಲು ಆ ಸ್ವಿಚ್ ಬೋರ್ಡ್! ಸರಿಯಾಗಿ ಸಂಪ್ ಮೇಲೆಯೇ ಇದೆ, ಪ್ಲಗ್ಗಿಗೆ ಬಿಳಿ ಉಪ್ಪು ಕಟ್ಟಿದೆ. ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಪಕ್ಕದ ಗೋಡೆಗೆ, ತಲೆ ಎತ್ತರಕ್ಕೆ ಸರಿಸಿ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿತ ಮಾಡುವ ಸ್ವಿಚ್) ಇರಲೇಬೇಕು. ಒಂದೇ ಬೇಡ, ಎರಡು ಹಾಕಿಸಿ. ರಿಟರ್ನ್ ಪಂಪ್ ಒಂದರಲ್ಲಿ, ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ವೇವ್‌ಮೇಕರ್ ಇನ್ನೊಂದರಲ್ಲಿ. ನೀವು ಊರಿಗೆ ಹೋದಾಗ ಒಂದು ಟ್ರಿಪ್ ಆದರೂ ನೀರು ಅಲ್ಲಾಡುತ್ತಿರುತ್ತದೆ. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗುವ ಹಾಗೆ ಬಿಡಿ, ಹನಿ ಅಲ್ಲೇ ಉದುರುತ್ತದೆ.

ಉಪ್ಪುನೀರು_ಬೆಂಗಳೂರು:

ಎಲೆಕ್ಟ್ರಿಷಿಯನ್ ನಾಳೆ ಬೆಳಿಗ್ಗೆ ಬರುತ್ತಾರೆ, ಅಲ್ಲಿಯವರೆಗೆ ಆ ಪ್ಲಗ್ಗುಗಳನ್ನೆಲ್ಲ ಹಾಲ್ ಕಡೆಯ ಬೋರ್ಡಿಗೆ ಹಾಕಿದ್ದೇನೆ. ಎಕ್ಸಾಸ್ಟ್ ಫ್ಯಾನ್ ಸದ್ದಿಗೆ ಅತ್ತೆಯವರಿಗೆ ರಾತ್ರಿ ನಿದ್ದೆ ಬರುತ್ತಿಲ್ಲವಂತೆ. ರಾತ್ರಿ ಆಫ್ ಮಾಡಬಹುದಾ?

ಸಂಪ್_ಮೇಸ್ತ್ರಿ:

ರಾತ್ರಿ ಆಫ್ ಮಾಡಬೇಡಿ, ಪಿಎಚ್ ಇಳಿಯುವುದೇ ಆಗ. ಸ್ಪೀಡ್ ರೆಗ್ಯುಲೇಟರ್ ಇರುವ ಇನ್‌ಲೈನ್ ಡಕ್ಟ್ ಫ್ಯಾನ್ ಹಾಕಿ, ಪ್ಲಾಸ್ಟಿಕ್ ಬಾಡಿಯದು. ಕಬ್ಬಿಣದ್ದಾದರೆ ಉಪ್ಪಿಗೆ ಬೇಗ ತುಕ್ಕು ಹಿಡಿಯುತ್ತದೆ. ಅರ್ಧ ಸ್ಪೀಡಿನಲ್ಲಿ ಸದ್ದೇ ಕೇಳಿಸುವುದಿಲ್ಲ. ತೇವಾಂಶ 65% ಮೀರಿದಾಗ ಪೂರ್ತಿ ಸ್ಪೀಡಿಗೆ ಏರುವ ಕಂಟ್ರೋಲರ್ ಸಿಗುತ್ತದೆ, ಅದನ್ನೂ ಜೊತೆಗೆ ತೆಗೆದುಕೊಳ್ಳಿ.