ಒಂದು ಲೀಟರ್ ಅಂದ್ರೆ ಒಂದು ಕೇಜಿನಾ?

ನಮ್ಮ ಕೋಲಾರದ ಮನೆ ಗುಂಪಿಗೆ ಅಮೆರಿಕದ ಭಾವ ಒಂದು ಫೋಟೋ ಹಾಕಿದರು. ಮನೆಯಲ್ಲಿ ಬಿಯರ್ ಮಾಡುವ ಸ್ಟೀಲ್ ಡಬರಿ, ತೂಕದ ಮೆಷಿನ್ ಮೇಲೆ. ಕೆಳಗೆ ಬರೆದಿದ್ದರು: "ನೀರು ಅಳೆಯಬೇಡಿ, ತೂಗಿ." ಚಿಕ್ಕಪ್ಪ ಹಾಲಿನ ಸೊಸೈಟಿಯಲ್ಲಿ ಮೂವತ್ತು ವರ್ಷ ಅಳೆದವರು. ಸುಮ್ನೆ ಇರುತ್ತಾರಾ?

ಚಿಕ್ಕಪ್ಪ: ಅಳಿಯಂದಿರೇ, ಲೀಟರ್ ಬೇರೆ, ಕೇಜಿ ಬೇರೆ. ಒಂದು ಲೀಟರ್ ಹಾಲು 1 ಕೇಜಿ 30 ಗ್ರಾಂ ತೂಗುತ್ತದೆ.

ಭಾವ: ಅದು ಹಾಲು ಮಾವ. ನೀರು 20 ಡಿಗ್ರಿಯಲ್ಲಿ 998 ಗ್ರಾಂ. 20 ಲೀಟರಿಗೆ 40 ಗ್ರಾಂ ಕೂಡ ವ್ಯತ್ಯಾಸ ಬರುವುದಿಲ್ಲ.

ಅಮ್ಮ: ಮನೆಯಲ್ಲೇ ಬಿಯರಾ? ಪೊಲೀಸರು ಬರಲ್ವಾ?

ಭಾವ: ಇಲ್ಲಿ 1978ರಲ್ಲೇ ಕೇಂದ್ರದ ಕಾನೂನು ಆಗಿದೆ ಅತ್ತೆ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್. ಮಾರುವಂತಿಲ್ಲ, ಅಷ್ಟೇ.

ಅಮ್ಮ: ಮೊದಲು ಗುಂಪಿನಿಂದ ಆ ಫೋಟೋ ಅಳಿಸಿ. ಅಜ್ಜಿ ನೋಡುತ್ತಾರೆ.

ಚಿಕ್ಕಪ್ಪ: ಡಬರಿಯಲ್ಲಿ ಗೆರೆ ಇಲ್ವಾ? ಗೆರೆವರೆಗೆ ತುಂಬಿಸಿದರೆ ಆಯ್ತು.

ಭಾವ: ಡಬರಿ 36 ಸೆಂಟಿಮೀಟರ್ ಅಗಲ ಇದೆ. ಒಂದು ಸೆಂಟಿಮೀಟರ್ ಆಚೀಚೆ ಆದರೆ ಒಂದು ಲೀಟರೇ ಹೋಯ್ತು. ಕಟ್ಟೆ ಸ್ವಲ್ಪ ಓರೆ ಇದ್ದರಂತೂ ಗೆರೆ ನಂಬುವ ಹಾಗೇ ಇಲ್ಲ. ಇನ್ನು ಕುದಿಯುವ ನೀರು ಹಿಗ್ಗಿರುತ್ತದೆ. 20 ಲೀಟರ್ ಅಂತ ಕಂಡದ್ದು ತಣ್ಣಗಾದ ಮೇಲೆ 19.2.

ನಾನು: ಟೊಮೆಟೊ ಮಂಡಿಯಲ್ಲೂ ಕ್ರೇಟ್ ತೂಕ ಕಳೆದೇ ಲೆಕ್ಕ ಅಲ್ವಾ ಚಿಕ್ಕಪ್ಪ? ಖಾಲಿ ಡಬರಿ ಇಟ್ಟು ಸೊನ್ನೆ ಮಾಡಿ ನೀರು ಸುರಿದರೆ ಮುಗೀತು.

ಚಿಕ್ಕಪ್ಪ: ನೀನೂ ಭಾವನ ಕಡೆ ಹೋದ್ಯಾ! ಇರಲಿ. ಅಳಿಯಂದಿರೇ, ಬಾರ್ಲಿಯ ಸಿಹಿ ನೀರಿಗೆ ಇಳಿದ ಮೇಲೂ ಹೀಗೇ ತೂಗುತ್ತೀರಾ?

ಭಾವ ಬರೆದರು, ಅಳಿಸಿದರು, ಮತ್ತೆ ಬರೆದರು. ಹತ್ತು ನಿಮಿಷ ಹೀಗೇ. ನನಗೆ ಖುಷಿ ಆದದ್ದು ಇಲ್ಲೇ.

ಭಾವ: ಇಲ್ಲ ಮಾವ. ಆಗ ಸಾಂದ್ರತೆ 1.050ರ ಹತ್ತಿರ ಇರುತ್ತದೆ. 20 ಲೀಟರ್ 21 ಕೇಜಿ ತೂಗುತ್ತದೆ. ಸಾಂದ್ರತೆ ತೋರಿಸುವ ಹೈಡ್ರೋಮೀಟರನ್ನು ಅದರಲ್ಲಿ ತೇಲಿಬಿಟ್ಟು ನೋಡಿ, ತೂಕವನ್ನು ಆ ಸಾಂದ್ರತೆಯಿಂದ ಭಾಗಿಸಬೇಕು.

ಚಿಕ್ಕಪ್ಪ: ಅದನ್ನೇ ನಾವು ಲ್ಯಾಕ್ಟೋಮೀಟರ್ ಅನ್ನುವುದು! ನೀರು ಬೆರೆಸಿದ ಹಾಲಲ್ಲಿ ಜಾಸ್ತಿ ಮುಳುಗುತ್ತದೆ. ಎಷ್ಟು ಜನರನ್ನು ಹಿಡಿದಿದ್ದೇನೆ ಗೊತ್ತಾ?

ಮಾರನೆಯ ದಿನ ಬೆಳಗ್ಗೆ 6:40ಕ್ಕೆ ಚಿಕ್ಕಪ್ಪನ ಫೋಟೋ ಬಂತು. ಸೊಸೈಟಿಯ ಮೆಷಿನ್, ಮೇಲೆ 10 ಲೀಟರ್ ನೀರಿನ ಕ್ಯಾನ್. ಮೆಷಿನ್ 9.98 ತೋರಿಸುತ್ತಿದೆ.

ಚಿಕ್ಕಪ್ಪ: ಕ್ಯಾನ್ ತೂಕ ಕಳೆದಿದ್ದೇನೆ. ಅಜ್ಜಿ ಕೇಳಿದರೆ ಇದೆಲ್ಲ ಹಾಲಿನ ವಿಷಯ ಅಂತ ಹೇಳಿ.